ಸಹಾಯ ಬೇಕು: ಕೂಲಂಟ್ ಕಡಿಮೆಯಾಗುತ್ತಿದೆ, ಕೆಳಗೆ ಒಂದು ಹನಿಯೂ ಇಲ್ಲ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ನನ್ನದು 2013ರ ಪೆಟ್ರೋಲ್ ಕಾರು, 1,18,000 ಕಿ.ಮೀ. ಓಡಿದೆ. ನಾಲ್ಕು ದಿನಕ್ಕೊಮ್ಮೆ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಡಬ್ಬಿಯಲ್ಲಿ ಮಟ್ಟ ಮಿನ್ ಗೆರೆಗಿಂತ ಕೆಳಗೆ ಇಳಿಯುತ್ತಿದೆ. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿ ನೋಡಿದೆ, ಬೆಳಿಗ್ಗೆ ಒಣಗಿಕೊಂಡೇ ಇತ್ತು.

ಕಳೆದ ವಾರ ಅಮ್ಮನನ್ನು ಬೀದರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ, ಕಮಲಾಪುರ ದಾಟಿದ ಮೇಲೆ ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಎಸಿ ಆಫ್ ಮಾಡಿ, ಬೇವಿನ ಮರದ ಕೆಳಗೆ ಮುಕ್ಕಾಲು ಗಂಟೆ ನಿಂತೆವು. ಇಂಜಿನ್ ಪೂರ್ತಿ ಆರಿದ ಮೇಲೇ ಮುಚ್ಚಳ ತೆಗೆದೆ. ಬೇರೆ ದಾರಿ ಇಲ್ಲದೆ ಕುಡಿಯುವ ನೀರನ್ನೇ ಸುರಿದೆ.

ಥರ್ಮೋಸ್ಟಾಟ್, ರೇಡಿಯೇಟರ್ ಮುಚ್ಚಳ ಎರಡೂ ಹೊಸದು. ಫ್ಯಾನ್ ತಿರುಗುತ್ತಿದೆ. ಆಯಿಲ್ ಹಾಲು ಬೆರೆಸಿದ ಚಹಾದ ಹಾಗೆ ಆಗಿಲ್ಲ, ಅಂದರೆ ಅದರಲ್ಲಿ ಕೂಲಂಟ್ ಬೆರೆತಂತಿಲ್ಲ. ಕಾಲಡಿ ಮ್ಯಾಟ್ ಒದ್ದೆ ಇಲ್ಲ, ಕಾರಿನೊಳಗೂ ಸೋರಿದಂತಿಲ್ಲ. ಆದರೆ ವಾಟರ್ ಪಂಪ್ ಕೆಳಗೆ ಉಪ್ಪು ಒಣಗಿದ ಹಾಗೆ ತೆಳ್ಳಗೆ ಒಂದು ಬಿಳಿ ಗೆರೆ ಇದೆ. ಬಿಸಿ ಇಂಜಿನ್ ಮೇಲೆ ಸೋರಿದ್ದು ಅಲ್ಲೇ ಆವಿಯಾಗುತ್ತದೆ, ಅಲ್ವಾ? ನನಗೆ ಅನುಮಾನ ಆ ಪಂಪ್ ಮೇಲೇ. ಮೆಕ್ಯಾನಿಕ್ ಮಾತ್ರ ಹೆಡ್ ಗ್ಯಾಸ್ಕೆಟ್ (ಇಂಜಿನ್ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ನಡುವಿನ ಸೀಲ್) ಹೋಗಿದೆ, ಹೆಡ್ ಬಿಚ್ಚೋಣ ಎನ್ನುತ್ತಿದ್ದಾರೆ. ಟೆಸ್ಟ್ ಮಾಡದೆ ಸುಮ್ನೆ ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕಲು ಮನಸ್ಸಿಲ್ಲ.

ಒತ್ತಡ ಕೊಟ್ಟು ಸೋರಿಕೆ ಹುಡುಕುವ ಕೂಲಂಟ್ ಪ್ರೆಷರ್ ಟೆಸ್ಟರ್, ಜೊತೆಗೆ ಗ್ಯಾಸ್ಕೆಟ್ ಹೋಗಿ ಕೂಲಂಟಿಗೆ ಸೇರಿದ ಇಂಜಿನ್ ಹೊಗೆ ತಗುಲಿದರೆ ನೀಲಿ ದ್ರವ ಹಳದಿಯಾಗುವ ಆ ಬ್ಲಾಕ್ ಟೆಸ್ಟ್ ಕಿಟ್ ಇರುವ ಗ್ಯಾರೇಜ್ ಸೇಡಂ ರಸ್ತೆ ಕಡೆ ಅಥವಾ ಊರಲ್ಲಿ ಎಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಬುಧವಾರ ಅಮ್ಮನನ್ನು ಮತ್ತೆ ಕರೆದುಕೊಂಡು ಹೋಗಬೇಕು. ಬಿಸಿಲು ಬೇರೆ ಜಾಸ್ತಿ ಆಗಿದೆ.