ಸಲಾಯಿನ್ ಅಲಾರಂ ತಯಾರಾಗೇತಿ, ವಾರ್ಡಿಗೆ ಒಯ್ಯೋದು ಹ್ಯಾಂಗ?

ಗೋಕುಲ ರೋಡ್ ವರ್ಕ್‌ಶಾಪ್
ನಮಸ್ಕಾರ್ರಿ. ಹುಬ್ಬಳ್ಳಿ ಗೋಕುಲ ರೋಡಿನಾಗ ನಂದು ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಐತಿ. ಆಸ್ಪತ್ರಿ ಕಾಟು, ಸಲಾಯಿನ್ ಸ್ಟ್ಯಾಂಡು ಮಾಡ್ತೀವಿ. ಇಂಜಿನಿಯರಿಂಗ್ ಹುಡುಗ್ರು ಫೈನಲ್ ಇಯರ್ ಪ್ರಾಜೆಕ್ಟ್ ತೊಗೊಂಡು ನಮ್ಮ ಕಡೆ ಬರ್ತಾರ. ಈ ಸಲ ಒಂದು ತಂಡ, ಬಾಟ್ಲಿ ಖಾಲಿ ಆಗೂ ಮೊದಲ ಸದ್ದು ಮಾಡೋ ಸಾಧನ ಮಾಡೇತಿ. ಕೊಕ್ಕಿಯೊಳಗ ತೂಕ ಅಳಿಯೂ ಲೋಡ್‌ಸೆಲ್, ತೂಕ ಇಳಿದ್ರ ಬಜರ್. ಟೇಬಲ್ ಮ್ಯಾಲೆ ಚಂದ ನಡೀತೈತಿ.

ಗುರುತಿನ ಸಿಸ್ಟರ್ ಒಬ್ರು ಬಂದು ಸ್ಟ್ಯಾಂಡ್ ಹಿಡಿದು ಜಗ್ಗಿದ್ರು. ಬಜರ್ ಹೊಡಕೊಂತು. “ಪೇಷಂಟ್ ಬಾತ್‌ರೂಮಿಗೆ ಸ್ಟ್ಯಾಂಡ್ ತೊಗೊಂಡ ಹೋಗ್ತಾರಲ್ರಿ” ಅಂದ್ರು. ಪ್ರಾಜೆಕ್ಟ್ ರಿಪೋರ್ಟಿನಾಗ ಈ ಮಾತು ಎಲ್ಲೂ ಇಲ್ಲ.

ಈಗ ಪರೀಕ್ಷೆ ಮುಗೀತು, ಹುಡುಗ್ರು ಬೆಂಗ್ಳೂರಿಗೆ ಹೊಂಟಾರ, ಸಾಧನ ಕಪಾಟು ಸೇರತೈತಿ. ಮುಂದಿನ ವರ್ಷ ಮತ್ತೊಂದು ತಂಡ ಇದನ್ನ ಮೊದಲಿಂದ ಶುರು ಮಾಡತೈತಿ. ಕಣ್ಣಾರೆ ನೋಡೀನಿ, ಸಂಕಟ ಆಗ್ತೈತ್ರಿ. ನಾನ ಮಾಡಿ ಮಾರಬೇಕಂದ್ರ ಪರವಾನಗಿ ಯಾರು ಕೊಡ್ತಾರ? ಹಕ್ಕು ಹುಡುಗರದೋ, ಕಾಲೇಜಿಂದೋ?

ವಿದ್ಯಾನಗರ ಲೆಕ್ಚರರ್
ಹಕ್ಕಿನ ಮಾತು ಮೊದಲು. ಕಾಲೇಜು, ಹುಡುಗ್ರು, ನೀವು ಕೂತು ಬರವಣಿಗಿ ಮಾಡ್ಕೋರಿ. ಬಾಟ್ಲಿ ತೂಗೋದು ಹಳೇ ವಿಚಾರ, ಅದಕ್ಕ ಪೇಟೆಂಟ್ ಸಿಗೂದಿಲ್ಲ. ಜಗ್ಗಿದ್ರೂ ಸುಳ್ಳು ಸದ್ದು ಬರದಂಗ ಮಾಡಿದ್ರ ಅದರಾಗ ಹೊಸತು ಇರಬಹುದು. ಅದನ್ನ ಪ್ರದರ್ಶನಕ್ಕ ಇಡೂ ಮೊದಲ ಪೇಟೆಂಟಿಗೆ ಪ್ರೊವಿಷನಲ್, ಅಂದ್ರ ತಾತ್ಕಾಲಿಕ ಅರ್ಜಿ ಹಾಕ್ರಿ, ಆಮ್ಯಾಲೆ 12 ತಿಂಗಳೊಳಗ ಪೂರ್ಣ ವಿವರ ಕೊಡಬೇಕು.

ಪರವಾನಗಿ 2017ರ ವೈದ್ಯಕೀಯ ಸಾಧನಗಳ ನಿಯಮದ ಕೆಳಗ ಬರ್ತದ. ಅಪಾಯ ನೋಡಿ ಎ, ಬಿ, ಸಿ, ಡಿ ಅಂತ ವರ್ಗ ಮಾಡ್ಯಾರ. ಎ, ಬಿ ತಯಾರಿಕೆಗೆ ರಾಜ್ಯದ ಪ್ರಾಧಿಕಾರ, ಸಿ, ಡಿ ಆದ್ರ ದಿಲ್ಲಿಯ ಸಿಡಿಎಸ್‌ಸಿಒ, ಅಂದ್ರ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ. ನಿಮ್ಮದು ಯಾವ ವರ್ಗ ಅಂತ ಖಚಿತ ಆಗೂತನಕ ಡೈಗೆ (ಅಚ್ಚಿಗೆ) ರೊಕ್ಕ ಹಾಕಬ್ಯಾಡ್ರಿ. ಗುಣಮಟ್ಟಕ್ಕ ವೈದ್ಯಕೀಯ ಸಾಧನ ಮಾಡೋರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13485 ಓದ್ರಿ.

ಗದಗ ಸ್ಟಾಫ್ ನರ್ಸ್
ಅಣ್ಣಾರ, ರಾತ್ರಿ ಪಾಳಿ ಒಳಗ ಸದ್ದು ಕೇಳಿದ್ರ ಸಾಲಂಗಿಲ್ಲ, ಯಾವ ಬೆಡ್ಡಿಂದು ಅಂತ ದೂರದಿಂದನ ಕಾಣಬೇಕು. 100 ಎಂಎಲ್ ಬಾಟ್ಲಿನೂ ಹಾಕ್ತೀವಿ, 500 ಎಂಎಲ್ಲೂ ಹಾಕ್ತೀವಿ. ಪ್ರತಿ ಸಲ ಬಟನ್ ಒತ್ತಿ ಅಳತಿ ಹೇಳು ಅಂದ್ರ ಯಾರೂ ಒತ್ತಂಗಿಲ್ಲ. ಸುಳ್ಳು ಸದ್ದು ಹೆಚ್ಚಾತಂದ್ರ ಸ್ವಿಚ್ ಆಫ್ ಮಾಡಿ ಇಡ್ತಾರ. ಸ್ಪಿರಿಟ್ ಹಚ್ಚಿ ಒರೆಸಿದ್ರ ಅಕ್ಷರ ಅಳಿಸಬಾರದು.

ಇನ್ನೊಂದು ಭಾಳ ಮುಖ್ಯ. ಕ್ಯಾನುಲಾ (ಕೈಗೆ ಚುಚ್ಚಿದ ಸಣ್ಣ ನಳಿಗಿ) ರಕ್ತನಾಳದಿಂದ ಜಾರಿ ಕೈ ಬಾತಿದ್ರೂ ಬಾಟ್ಲಿ ಇಳೀತನ ಇರತೈತಿ. ನಿಮ್ಮ ಸಾಧನ ಎಲ್ಲಾ ಬರೋಬ್ಬರಿ ಅಂತ ತೋರಿಸ್ತೈತಿ. ಅದನ್ನ ನಂಬಿ ಕೈ ನೋಡೋದು ಬಿಟ್ರ ಪೇಷಂಟಿಗೆ ತ್ರಾಸು. ಈ ಎಚ್ಚರಿಕಿ ಸಾಧನದ ಮ್ಯಾಲೆನ ಬರೀರಿ.

ಧಾರವಾಡ ನಿವೃತ್ತ
ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಹೃದಯ ಕವಾಟ ನೆನಪಾತು. ಡಾ. ಎಂ.ಎಸ್. ವಲಿಯತ್ತಾನ್ ಸರ್ಜನ್, ಅವರ ಸಂಸ್ಥೆಯೊಳಗನ ಇಂಜಿನಿಯರ್‌ಗಳು ಇದ್ರು. ಮೊದಲಿನ ಮಾದರಿ ಕೈಕೊಟ್ಟಾವು, ಕೈಬಿಟ್ಟು ಮತ್ತ ಮಾಡಿದ್ರು. 1990ರ ಡಿಸೆಂಬರಿನಾಗ ಮೊದಲ ರೋಗಿಗೆ ಹಾಕಿದ್ರು, ತಯಾರಿಕೆ ಟಿಟಿಕೆ ಕಂಪನಿಗೆ ಹೋತು. ಯಾವ ಮಾದರಿ ಯಾಕ ಕೆಟ್ಟಿತು ಅನ್ನೂದು ಅಲ್ಲಿಯವರ ಕೈಯಾಗ ಉಳೀತು. ನಿಮ್ಮ ಹುಡುಗರ ಕಡೆಯಿಂದ ಸರ್ಕ್ಯೂಟ್ ಜೊತಿ ಅದನ್ನೂ ಬರೆಸಿಕೋರಿ, ಅವರು ಊರು ಬಿಡೂ ಮೊದಲ.

ಗೋಕುಲ ರೋಡ್ ವರ್ಕ್‌ಶಾಪ್
ಎಲ್ಲಾರಿಗೂ ಶರಣ್ರಿ. ಇಬ್ಬರು ಹುಡುಗ್ರು ಇನ್ನೂ ಊರಾಗ ಅದಾರ, ನಾಳೆ ಕರಸ್ತೀನಿ. ಮೆಡಿಕಲ್ ಶಾಪಿನಿಂದ ಎರಡೂ ಅಳತಿ ಹೊಸ ಬಾಟ್ಲಿ ತಂದು, ಬಕೆಟ್ಟಿಗೆ ಹನಿ ಬಿಟ್ಟು, ಸ್ಟ್ಯಾಂಡ್ ಜಗ್ಗಿ ನೋಡ್ತೀವಿ. ರೋಗಿಗಳ ಮ್ಯಾಲಿನ ಪರೀಕ್ಷೆಗೆ ಒಪ್ಪಿಗಿ ಕೊಡೋ ಎಥಿಕ್ಸ್ ಕಮಿಟಿ ಒಪ್ಪೂತನಕ ಪೇಷಂಟ್ ಕಡೆ ಒಯ್ಯಂಗಿಲ್ಲ. ಗದಗಿನ ಸಿಸ್ಟರ್, ಎಚ್ಚರಿಕಿ ಮಾತು ನೀವ ಬರೆದು ಕೊಡ್ರಿ.