ಇನ್ಸುಲಿನ್ ಮತ್ತು ವಿಂಟ್ ಒಂದೇ ಕಿಣ್ವವನ್ನು ತಡೆಯುತ್ತವೆ. ಹಾಗಾದರೆ ಊಟವಾದ ಮೇಲೆ ಕರುಳಿನಲ್ಲಿ ಗಡ್ಡೆ ಏಕೆ ಬೆಳೆಯುವುದಿಲ್ಲ?

ಗೊದಮೊಟ್ಟೆ (ಪ್ರಶ್ನೆ)

ಸ್ನಾತಕೋತ್ತರ ಎರಡನೆಯ ವರ್ಷದ ವಿದ್ಯಾರ್ಥಿನಿ. ಪರೀಕ್ಷೆಗೆಂದು ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಸಂಕೇತ ಪಥಗಳನ್ನು (ಹೊರಗಿನ ಸುದ್ದಿ ಕೋಶದೊಳಗೆ ಸಾಗುವ ದಾರಿಗಳು) ಬರೆಯುತ್ತಿದ್ದೆ. ಇನ್ಸುಲಿನ್‌ಗೆ ಕೆಂಪು ಶಾಯಿ, ಕೋಶಗಳಿಗೆ ವಿಭಜನೆಯ ಸುದ್ದಿ ತರುವ ವಿಂಟ್ ಪ್ರೋಟೀನ್‌ಗೆ ನೀಲಿ. ಜಿಎಸ್‌ಕೆ-3 ಎಂಬ ಕಿಣ್ವದ ಬಳಿ ಎರಡೂ ಗೆರೆಗಳು ಕೂಡಿದವು. ನಾನು ಅಲ್ಲಿಯೇ ಸಿಕ್ಕಿಹಾಕಿಕೊಂಡಿದ್ದೇನೆ.

ಮಾಮೂಲಿನಲ್ಲಿ ಜಿಎಸ್‌ಕೆ-3 ಬೀಟಾ-ಕೆಟೆನಿನ್‌ಗೆ ಫಾಸ್ಫೇಟ್ ಅಂಟಿಸುತ್ತದೆ, ಆ ಗುರುತು ಬಿದ್ದ ಪ್ರೋಟೀನ್ ನಾಶವಾಗುತ್ತದೆ. ವಿಂಟ್ ಬಂದರೆ ಈ ಕೆಲಸ ನಿಲ್ಲುತ್ತದೆ. ಉಳಿದುಕೊಂಡ ಬೀಟಾ-ಕೆಟೆನಿನ್ ಕೋಶಕೇಂದ್ರಕ್ಕೆ ಹೋಗಿ ವಿಭಜನೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಇತ್ತ ಇನ್ಸುಲಿನ್ ಬಂದಾಗ ಎಕೆಟಿ ಎಂಬ ಇನ್ನೊಂದು ಕಿಣ್ವ ಕೂಡ ಅದೇ ಜಿಎಸ್‌ಕೆ-3ರ ಸೆರೀನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟಿಸಿ ಅದನ್ನು ಸುಮ್ಮನಾಗಿಸುತ್ತದೆ. ಈ ಲೆಕ್ಕದಲ್ಲಿ ಪ್ರತಿ ಊಟದ ನಂತರವೂ ಬೀಟಾ-ಕೆಟೆನಿನ್ ಏರಬೇಕಲ್ಲವೇ? ತರಗತಿಯಲ್ಲಿ ಕೇಳಿದೆ. "ಪರೀಕ್ಷೆಗೆ ಬರುವುದಿಲ್ಲ" ಎಂಬ ಉತ್ತರ ಸಿಕ್ಕಿತು.

ಹಳೆಯ ಪಿಪೆಟ್

ಪರೀಕ್ಷೆಗೆ ಬಾರದ ಪ್ರಶ್ನೆಯೇ ಕೇಳಲು ಯೋಗ್ಯ. ನಿಮ್ಮ ಹಾಳೆಯಲ್ಲಿ ತಪ್ಪಿರುವುದು ಒಂದೇ: ಜಿಎಸ್‌ಕೆ-3 ಎಂದು ಒಂದು ಕಡೆ ಬರೆದಿದ್ದೀರಿ, ಎರಡು ಕಡೆ ಬರೆಯಬೇಕಿತ್ತು.

ಕೋಶದಲ್ಲಿರುವ ಜಿಎಸ್‌ಕೆ-3ರ ಒಂದು ಸಣ್ಣ ಪಾಲು ಮಾತ್ರ ಆಕ್ಸಿನ್, ಎಪಿಸಿ ಪ್ರೋಟೀನ್‌ಗಳ ಜೊತೆ ಸೇರಿ ಬೀಟಾ-ಕೆಟೆನಿನ್ ನಾಶಪಡಿಸುವ ತಂಡದಲ್ಲಿರುತ್ತದೆ. ವಿಂಟ್ ಮುಟ್ಟುವುದು ಆ ತಂಡವನ್ನು. ಎಕೆಟಿ ಫಾಸ್ಫೇಟ್ ಅಂಟಿಸುವುದು ಹೊರಗೆ ಓಡಾಡಿಕೊಂಡಿರುವ ಉಳಿದ ಪಾಲಿಗೆ. ಅದರ ಕೆಲಸ ಗ್ಲೈಕೋಜನ್ (ಕೋಶ ಕೂಡಿಡುವ ಸಕ್ಕರೆ) ಮುಂತಾದವುಗಳ ಉಸ್ತುವಾರಿ. ಇದಕ್ಕೆ ಒಳ್ಳೆಯ ಸಾಕ್ಷಿ 2005ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗ. ಎಕೆಟಿ ಗುರುತು ಹಾಕುವ ಸೆರೀನ್‌ಗಳ ಜಾಗದಲ್ಲಿ ಫಾಸ್ಫೇಟ್ ಅಂಟದ ಅಲನೀನ್ ಇಟ್ಟರು. ಇನ್ಸುಲಿನ್‌ಗೆ ಜಿಎಸ್‌ಕೆ-3 ಬಗ್ಗಲಿಲ್ಲ, ಆದರೆ ಇಲಿಗಳು ಬದುಕಿದವು, ವಿಂಟ್ ಸಂಕೇತ ಎಂದಿನಂತೆ ನಡೆಯಿತು. ವಿಂಟ್‌ಗೆ ಆ ಗುರುತೇ ಬೇಕಾಗಿದ್ದರೆ ಆ ಭ್ರೂಣಗಳು ಹುಟ್ಟುವವರೆಗೆ ಉಳಿಯುತ್ತಿದ್ದವೇ?

ಎರಡೂ ಪಾಲನ್ನು ಒಟ್ಟಿಗೆ ತಡೆದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಲಿಥಿಯಂ ಜಿಎಸ್‌ಕೆ-3 ಅನ್ನು ನೇರವಾಗಿ ತಡೆಯುತ್ತದೆ, ಯಾವ ಪಾಲು ಎಂದು ನೋಡುವುದಿಲ್ಲ. ಜೆನೋಪಸ್ ಕಪ್ಪೆಯ 32 ಕೋಶಗಳ ಭ್ರೂಣವನ್ನು ಲಿಥಿಯಂ ಕ್ಲೋರೈಡ್‌ನಲ್ಲಿ ಕೆಲವೇ ನಿಮಿಷ ಅದ್ದಿ ತೆಗೆಯಬೇಕು. ಮೊದಲ ಸಲ ನಾನು ಗಡಿಯಾರ ನೋಡುವುದನ್ನು ಮರೆತೆ. ಎರಡು ದಿನಗಳ ನಂತರ ತಟ್ಟೆಯಲ್ಲಿದ್ದವುಗಳಿಗೆ ಬಾಲವಿಲ್ಲ, ಮುಂಡವಿಲ್ಲ. ಸುತ್ತಲೂ ಕಣ್ಣಿನ ಕಪ್ಪು ಬಣ್ಣ ಬಳೆಯಂತೆ. ಬೆನ್ನಿನ ಬದಿಯನ್ನು ಗುರುತಿಸಬೇಕಾದ ಬೀಟಾ-ಕೆಟೆನಿನ್ ಎಲ್ಲೆಡೆ ಉಳಿದರೆ ಇಡೀ ಭ್ರೂಣವೇ ತಲೆಯಾಗಲು ಹೊರಡುತ್ತದೆ. ಆ ತಟ್ಟೆಯನ್ನು ಎಸೆಯಲು ನನಗೆ ಮನಸ್ಸೇ ಬರಲಿಲ್ಲ.

ದೊಡ್ಡ ಕರುಳಿನ ಗಡ್ಡೆಗಳಲ್ಲಿ ಬಹುಪಾಲು ಆರಂಭವಾಗುವುದು ಎಪಿಸಿ ಕೆಡುವುದರಿಂದ. ಆಗ ತಂಡವೇ ಮುರಿದಿರುತ್ತದೆ, ವಿಂಟ್ ಬಾರದಿದ್ದರೂ ಬಂದಂತೆ. ಇದೇ ಪಥ ಭ್ರೂಣದಲ್ಲೂ ಗಡ್ಡೆಯಲ್ಲೂ ಇದೆಯೆಂದು ತಿಳಿದದ್ದು ಕೂಡ ಎರಡು ಕಡೆಯಿಂದ ಅಗೆದ ಸುರಂಗ ಕೂಡಿದ ಹಾಗೆ: 1973ರಲ್ಲಿ ಆರ್. ಪಿ. ಶರ್ಮಾ ರೆಕ್ಕೆಯಿಲ್ಲದ ಹಣ್ಣುನೊಣಗಳನ್ನು ವರದಿ ಮಾಡಿದರು, 1982ರಲ್ಲಿ ನುಸ್ ಮತ್ತು ವಾರ್ಮಸ್ ಇಲಿಯ ಸ್ತನಗಡ್ಡೆಯಲ್ಲಿ ವೈರಸ್ ಎಬ್ಬಿಸುವ ಇಂಟ್-1 ಜೀನ್ ಹಿಡಿದರು, 1987ರಲ್ಲಿ ಆ ನೊಣಗಳಲ್ಲಿ ಕೆಟ್ಟಿದ್ದ ವಿಂಗ್‌ಲೆಸ್ ಜೀನ್ ಮತ್ತು ಇಂಟ್-1 ಒಂದೇ ಎಂದು ಗೊತ್ತಾಯಿತು. ವಿಂಗ್‌ಲೆಸ್ ಮತ್ತು ಇಂಟ್ ಕೂಡಿಸಿದ ಹೆಸರೇ ವಿಂಟ್.

ಎರಡನೆಯ ಪಾಳಿ

ಪಿಪೆಟ್ ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಒಂದು ತಕರಾರಿನೊಂದಿಗೆ. ಎರಡು ಪಥಗಳ ನಡುವಿನ ಗೋಡೆ ಅಷ್ಟು ಗಟ್ಟಿಯಲ್ಲ. ಎಕೆಟಿ ಜಿಎಸ್‌ಕೆ-3ರ ಗೊಡವೆಯಿಲ್ಲದೆ ಬೀಟಾ-ಕೆಟೆನಿನ್‌ನ 552ನೆಯ ಸೆರೀನ್‌ಗೇ ನೇರವಾಗಿ ಫಾಸ್ಫೇಟ್ ಅಂಟಿಸಬಲ್ಲದು, ಅದರಿಂದ ಬೀಟಾ-ಕೆಟೆನಿನ್‌ನ ಚಟುವಟಿಕೆ ಹೆಚ್ಚುತ್ತದೆ. ಆದ್ದರಿಂದ ಹಾಳೆಯಲ್ಲಿ ಒಂದು ತೆಳು ಚುಕ್ಕೆಗೆರೆ ಇರಲಿ.

ಪಥಗಳ ಮಾತುಕತೆ ರೋಗಿಗೆ ಎಷ್ಟು ದುಬಾರಿಯಾಗಬಹುದು ಎನ್ನುವುದಕ್ಕೆ ಬೆಳವಣಿಗೆಯ ಸಂಕೇತ ಸಾಗಿಸುವ ಬಿರಾಫ್ ಎಂಬ ಕಿಣ್ವ ನೋಡಿ. ಅದರಲ್ಲಿ ವಿ600ಇ ಎಂಬ ಒಂದೇ ಬದಲಾವಣೆ ಮೆಲನೋಮದಲ್ಲೂ (ಚರ್ಮದ ಕ್ಯಾನ್ಸರ್) ಕರುಳಿನ ಕೆಲವು ಕ್ಯಾನ್ಸರ್‌ಗಳಲ್ಲೂ ಇದೆ. ಬಿರಾಫ್ ತಡೆಯುವ ಔಷಧಕ್ಕೆ ಮೆಲನೋಮ ಕುಗ್ಗಿತು, ಕರುಳಿನ ಗಡ್ಡೆ ಕ್ಯಾರೇ ಅನ್ನಲಿಲ್ಲ. 2012ರಲ್ಲಿ ಕಾರಣ ಸಿಕ್ಕಿತು: ಬಿರಾಫ್ ಸುಮ್ಮನಾದೊಡನೆ ಕರುಳಿನ ಕೋಶದಲ್ಲಿ ಇಜಿಎಫ್‌ಆರ್ ಎಂಬ ಬೆಳವಣಿಗೆ ಸಂಕೇತದ ಗ್ರಾಹಕದ ಮೇಲಿದ್ದ ಲಗಾಮು ಕಳಚಿ, ಸಂಕೇತ ಆ ದಾರಿಯಿಂದ ಒಳಬರುತ್ತದೆ. ಮೆಲನೋಮದ ಕೋಶಗಳಲ್ಲಿ ಇಜಿಎಫ್‌ಆರ್ ಕಡಿಮೆ. ಈಗ ಕರುಳಿನ ಈ ಕ್ಯಾನ್ಸರ್‌ಗೆ ಎರಡನ್ನೂ ಒಟ್ಟಿಗೆ ತಡೆಯುತ್ತಾರೆ.

ಗೊದಮೊಟ್ಟೆ

ಹಾಳೆ ಹರಿದು ಹೊಸದು ಅಂಟಿಸಿದೆ, ಚುಕ್ಕೆಗೆರೆ ಸಮೇತ. ಇನ್ನೊಂದೇ ಪ್ರಶ್ನೆ: ಕೋಶದಿಂದ ವಿಂಟ್ ಹೊರಬರುವುದನ್ನೇ ತಡೆಯುವ ಔಷಧಗಳಿವೆಯಂತೆ. ಎಪಿಸಿ ಕೆಟ್ಟ ಗಡ್ಡೆಗೆ ಅವು ಸಾಲುವುದಿಲ್ಲವೇ?

ಹಳೆಯ ಪಿಪೆಟ್

ಸಾಲುವುದಿಲ್ಲ. ನಲ್ಲಿ ತಿರುಗಿಸಿದರೆ ಅದರಾಚೆ ಒಡೆದ ತೊಟ್ಟಿ ಸರಿಹೋಗುವುದಿಲ್ಲ. ವಿಂಟ್ ಗ್ರಾಹಕಗಳನ್ನು ತೆಗೆದುಹಾಕುವ ಆರ್‌ಎನ್‌ಎಫ್43 ಪ್ರೋಟೀನ್ ಕೆಟ್ಟ ಗಡ್ಡೆಗಳ ಕಥೆ ಬೇರೆ. ಅವುಗಳ ಕೋಶದ ಮೇಲೆ ವಿಂಟ್ ಗ್ರಾಹಕಗಳು ಮಿತಿಮೀರಿ ಉಳಿದಿರುತ್ತವೆ, ಬೆಳೆಯಲು ವಿಂಟ್ ಬರಲೇಬೇಕು. ಪ್ರಯೋಗಾಲಯದಲ್ಲಿ ಅಂಥ ಗಡ್ಡೆಗಳು ಈ ಔಷಧಕ್ಕೆ ಬಗ್ಗುತ್ತವೆ. ಆದರೆ ಭ್ರೂಣ ಬೆಳೆದು ದೊಡ್ಡದಾದ ಮೇಲೂ ವಿಂಟ್ ನಿವೃತ್ತಿಯಾಗಿರುವುದಿಲ್ಲ. ಈ ಔಷಧ ತೆಗೆದುಕೊಂಡವರಲ್ಲಿ ನಾಲಿಗೆಯ ರುಚಿ ಕೆಡುತ್ತದೆ, ಮೂಳೆ ಸವೆಯುತ್ತದೆ. ಹೊಸ ಹಾಳೆಯಲ್ಲಿ ಆರ್‌ಎನ್‌ಎಫ್43ಗೆ ಗ್ರಾಹಕದ ಪಕ್ಕದಲ್ಲೇ ಜಾಗ ಬಿಡಿ.