ಹಳೇ ಸಿ ಕೋಡ್ ರಿಫ್ಯಾಕ್ಟರ್ ಮಾಡೋಕೆ ಲಿಸ್ಪ್ ಬಳಸಿದವ್ರು ಯಾರಾದ್ರೂ ಇದ್ದೀರಾ? (ಮಳೆಮಾಪಕದ ಫರ್ಮ್‌ವೇರ್)

ಕಕ್ಕಬ್ಬೆ_ಕೋಡರ್:

ಎಲ್ರಿಗೂ ನಮಸ್ಕಾರ. ನಾನು ಕೊಡಗಿನ ಕಕ್ಕಬ್ಬೆ ಕಡೆಯವ್ನು, ತೋಟದವ್ರಿಗೆ ಮಳೆಮಾಪಕ ಮಾಡಿಕೊಡೋ ಒಂದು ಸಣ್ಣ ಟೀಮಲ್ಲಿ ಫರ್ಮ್‌ವೇರ್ (ಅದ್ರ ಚಿಪ್ಪಲ್ಲಿ ಓಡೋ ಕೋಡ್) ನೋಡ್ಕೋತೀನಿ. ಒಳಗೆ ಟಿಪ್ಪಿಂಗ್ ಬಕೆಟ್ (ತುಂಬಿದ್ರೆ ತಾನೇ ಮಗುಚೋ ಸಣ್ಣ ಬಟ್ಟಲು), ಒಂದ್ಸಲ ಮಗುಚಿದ್ರೆ ಒಂದು ಸೆಂಟ್, ನೂರು ಸೆಂಟಿಗೆ ಒಂದು ಇಂಚು. ನಮ್ಮ ತೋಟದವ್ರ ಹತ್ರ ಮಿಲಿಮೀಟರ್ ಅಂದ್ರೆ ನಡೆಯಲ್ಲ ಅದು ನಿಮ್ಗೂ ಗೊತ್ತು.

ಕೋಡ್ ಪೂರ್ತಿ ಸಿ, ಹಳೇದು, ಬಯಲುಸೀಮೆ ಪ್ರಾಜೆಕ್ಟಿಗೆ ಅಂತ ಯಾರೋ ಬರೆದಿಟ್ಟಿದ್ದು. ಅದ್ರಲ್ಲಿ ಓದು() ಅಂತ ಒಂದು ಫಂಕ್ಷನ್, ಸೆನ್ಸರ್ ನಂಬರ್ ಕೊಟ್ರೆ 8 ಬಿಟ್ ಅನ್‌ಸೈನ್ಡ್ ನಂಬರ್ ವಾಪಸ್ ಬರುತ್ತೆ, ಎರರ್ ಆದ್ರೆ 255. ಈಗ 255 ಸೆಂಟ್ ಅಂದ್ರೆ 2.55 ಇಂಚು. ಬಯಲುಸೀಮೇಲಿ ಯಾರಿಗೂ ತೊಂದ್ರೆ ಆಗಿರಲ್ಲ, ಇಲ್ಲಿ ಕಕ್ಕಡದಲ್ಲಿ (ಜೋರು ಮಳೆ ತಿಂಗಳು) ಅದು ಒಂದೇ ರಾತ್ರೀಲಿ ಬರೋ ಮಳೆ! ಸರಿಯಾಗಿ 255 ಬಂದ್ರೆ ಸೆನ್ಸರ್ ಕೆಟ್ಟಿದೆ ಅನ್ನುತ್ತೆ, ಇನ್ನೊಂದು ಸೆಂಟ್ ಜಾಸ್ತಿ ಆದ್ರೆ ಝೀರೋಗೆ ಹೋಗುತ್ತೆ. ಅದಕ್ಕೆ ಓದು() ಬರೀ ಸ್ಟೇಟಸ್ ಕೊಡೋ ಹಾಗೆ, ವ್ಯಾಲ್ಯೂ 16 ಬಿಟ್ ನಂಬರಾಗಿ, ಪಾಯಿಂಟರ್ ಮೂಲಕ ನಾವು ಕೊಟ್ಟ ವೇರಿಯಬಲ್ಲಿಗೆ ಬರೋ ಹಾಗೆ ಬದಲಾಯಿಸ್ಬೇಕು.

ಇದನ್ನ ನೂರಾರು ಕಡೆ ಕರೆದಿದಾರೆ, ಇಫ್ ಒಳಗೆ, ವೈಲ್ ಒಳಗೆ, ಇನ್ನೊಂದು ಫಂಕ್ಷನ್ನಿನ ಆರ್ಗ್ಯುಮೆಂಟ್ ಒಳಗೆ, ಕೆಲವು ಮೂರು ಸಾಲಿಗೆ ಮುರಿದು ಬರೆದಿದಾರೆ. ಸೆಡ್ ಟೂಲಲ್ಲಿ ರೆಜೆಕ್ಸ್ (ಅಕ್ಷರದ ಪ್ಯಾಟರ್ನ್) ಹಾಕಿ ಬದಲಾಯಿಸಿದ್ರೆ ಬ್ರಾಕೆಟ್ ಒಳಗೆ ಬ್ರಾಕೆಟ್ ಬಂದ ಕಡೆ ಎಲ್ಲಾ ಎಡವಟ್ಟು. ಸ್ನೇಹಿತ ಒಬ್ಬ ಹೇಳ್ದ, ಸಿ ಕೋಡನ್ನ ಟ್ರೀ (ಯಾವುದ್ರೊಳಗೆ ಯಾವುದಿದೆ ಅಂತ ತೋರ್ಸೋ ಮರದ ತರದ ರಚನೆ) ಮಾಡ್ಕೊಂಡು ಲಿಸ್ಪ್ ಭಾಷೇಲಿ ತಿದ್ದು ಅಂತ. ಇಮ್ಯಾಕ್ಸ್ ಎಡಿಟರ್ ದಿನಾ ಬಳಸ್ತೀನಿ, ಅದ್ರ ಕಾನ್ಫಿಗ್ ಬರೆಯೋವಷ್ಟು ಲಿಸ್ಪ್ ಬರುತ್ತೆ. ಇದು ನಿಜವಾಗ್ಲೂ ಆಗೋ ಕೆಲ್ಸಾನಾ ಇಲ್ಲ ಹುಚ್ಚಾ?


ಬ್ರಾಕೆಟ್_ಭಟ್ರು:

ಆಗೋ ಕೆಲ್ಸಾನೇ ಮಾರಾಯ್ರೆ. ನಿಮ್ಮ ಇಫ್ ಕಂಡಿಷನ್ ಒಂದನ್ನ ಲಿಸ್ಟ್ ಮಾಡಿ ನೋಡಿ, ಉದಾಹರಣೆಗೆ:

(ಇಫ್ (&& (> (ಓದು 2) 10) (!= (ಓದು 3) 255)) ...)

ಎಷ್ಟು ಸಾಲಿಗೆ ಮುರಿದಿದ್ರು, ಎಲ್ಲಿ ಸ್ಪೇಸ್ ಬಿಟ್ಟಿದ್ರು ಅನ್ನೋ ತಲೆನೋವೇ ಇಲ್ಲ. ಕೋಡ್ ಒಂದು ಲಿಸ್ಟ್, ಲಿಸ್ಟ್ ತಿರುಚೋದಕ್ಕೇ ಲಿಸ್ಪ್ ಇರೋದು, 1958ರಿಂದ ಅದಕ್ಕೆ ಅದೇ ಕೆಲ್ಸ.

ಆದ್ರೆ ಹೊಸಬ್ರು ಇಲ್ಲಿ ಒಂದು ಹಳ್ಳಕ್ಕೆ ಬೀಳ್ತಾರೆ. ಟ್ರೀ ಬದಲಾಯಿಸಿ ಪೂರ್ತಿ ಫೈಲನ್ನ ಅದ್ರಿಂದ ಮತ್ತೆ ಸಿ ಆಗಿ ಪ್ರಿಂಟ್ ಮಾಡೋಕೆ ಹೋಗ್ಬೇಡಿ, ಇಂಡೆಂಟ್ ಹೋಗುತ್ತೆ, ಪಾರ್ಸರ್ (ಕೋಡ್ ಓದಿ ಟ್ರೀ ಮಾಡೋ ಟೂಲ್) ಎಂಥದ್ದು ಅನ್ನೋದ್ರ ಮೇಲೆ ಕಾಮೆಂಟ್, ಬೋರ್ಡಿಗೆ ತಕ್ಕ ಹಾಗೆ ಕೋಡ್ ಸೇರ್ಸೋ ಬಿಡೋ ಇಫ್‌ಡೆಫ್ ಕೂಡ ಹೋಗ್ಬಹುದು, ಡಿಫ್ ನೋಡಿದ್ರೆ ಫೈಲ್ ಪೂರ್ತಿ ಕೆಂಪು ಹಸಿರು. ಟ್ರೀ ಇರೋದು ಜಾಗ ಹುಡುಕೋಕೆ ಮಾತ್ರ. ಯಾವ ಪೊಸಿಷನ್ನಿಂದ ಯಾವ ಪೊಸಿಷನ್ ವರೆಗೆ ತೆಗೀಬೇಕು, ಅಲ್ಲಿ ಏನು ತುಂಬಬೇಕು ಅಂತ ಒಂದು ಲಿಸ್ಟ್ ಮಾಡ್ಕೊಳ್ಳಿ, ಆಮೇಲೆ ಫೈಲಿನ ಕೊನೆಯಿಂದ ಮೇಲಕ್ಕೆ ತಿದ್ದುತ್ತಾ ಬನ್ನಿ. ಮೇಲಿಂದ ಶುರು ಮಾಡಿದ್ರೆ ಮೊದಲ್ನೇ ತಿದ್ದುಪಡಿಗೇ ಕೆಳಗಿನ ಪೊಸಿಷನ್ ಎಲ್ಲಾ ಜರುಗಿ ಹೋಗುತ್ತೆ.

ನಿಮಗೆ ಬೇರೆ ಲಿಸ್ಪ್ ಕಲಿಯೋ ಅಗತ್ಯ ಇಲ್ಲ. ಇಮ್ಯಾಕ್ಸ್ 29ರಿಂದ ಟ್ರೀ-ಸಿಟರ್ ಅನ್ನೋ ಪಾರ್ಸರಿನ ಸಪೋರ್ಟ್ ಒಳಗೇ ಇದೆ, ಸಿ ಗ್ರಾಮರ್ ಮಾತ್ರ ಬೇರೆ ಹಾಕ್ಕೊಳ್ಬೇಕು. ಟ್ರೀಸಿಟ್-ಎಕ್ಸ್‌ಪ್ಲೋರ್-ಮೋಡ್ ಆನ್ ಮಾಡಿದ್ರೆ ಪಕ್ಕದ ಕಿಟಕೀಲಿ ನಿಮ್ಮ ಕೋಡಿನ ಟ್ರೀ ಬರುತ್ತೆ, ಕರ್ಸರ್ ಇಟ್ಟ ಜಾಗದ ನೋಡ್ (ಟ್ರೀಯ ಒಂದು ಕೊಂಬೆ) ಅಲ್ಲೇ ಕಾಣುತ್ತೆ. ಹುಡುಕೋಕೆ ಟ್ರೀಸಿಟ್-ಕ್ವೆರಿ-ಕ್ಯಾಪ್ಚರ್, ಅದಕ್ಕೆ ಕೊಡೋ ಕ್ವೆರಿನೂ ಒಂದು ಲಿಸ್ಟೇ.


ವಿರಾಜಪೇಟೆ_ಎಂಬೆಡೆಡ್:

ಭಟ್ರಿಗೆ ಯಾವ ಕಾಯಿಲೆಗೂ ಲಿಸ್ಪೇ ಔಷಧಿ 😄 ಇದಕ್ಕೆ ಅಂತಾನೇ ಕಾಕ್ಸಿನೆಲ್ ಅನ್ನೋ ಟೂಲ್ ಇದೆ ಅಲ್ವಾ, ಫ್ರಾನ್ಸಿನ ಇನ್ರಿಯಾದವ್ರು ಒಕ್ಯಾಮಲಲ್ಲಿ ಬರೆದಿದ್ದು, ಲಿನಕ್ಸ್ ಕರ್ನಲ್ಲಲ್ಲಿ ಎಪಿಐ ಬದಲಾದಾಗ ಎಲ್ಲಾ ಡ್ರೈವರ್ ತಿದ್ದೋಕೆ ಅದನ್ನೇ ಬಳಸ್ತಾರೆ. ಡಿಫ್ ತರಾನೇ ಬರೆಯೋದು, ಮೈನಸ್ ಸಾಲು ಪ್ಲಸ್ ಸಾಲು, ಪ್ರೀಪ್ರೊಸೆಸರ್ ಓಡಿಸದೇನೇ ಸಿ ಓದುತ್ತೆ, ಕಾಮೆಂಟೂ ಉಳಿಯುತ್ತೆ. ಕರ್ನಲ್ಲಿಗೆ ಸಾಕಾಗಿದ್ದು ಒಂದು ಮಳೆ ಡಬ್ಬಕ್ಕೆ ಸಾಕಾಗಲ್ವಾ? ಪ್ರತಿ ಇಫ್ ಮೇಲೆ ಓದು()ನ ಬೇರೆ ಸಾಲಾಗಿ ಎತ್ತಿ ಇಡೋಕೆ ಒಂದು ರೂಲ್ ಬರೀರಿ, ಮುಗೀತು.


ಬ್ರಾಕೆಟ್_ಭಟ್ರು:

ಕಾಕ್ಸಿನೆಲ್ ಒಳ್ಳೇದೇ, ನಾನು ಬೇಡ ಅನ್ನಲ್ಲ. ಎತ್ತಿ ಮೇಲಿಡೋದು ಅಂದ್ರಲ್ಲ, ತಕರಾರು ಇರೋದು ಅಲ್ಲಿ.

ಕಕ್ಕಬ್ಬೆಯವ್ರೇ, ಒಂದು ಪ್ರಶ್ನೆ. ಮಳೆ ಸೆನ್ಸರ್ ಓದಿದ ಕೂಡ್ಲೇ ಕೌಂಟರ್ ಝೀರೋ ಆಗುತ್ತಾ?


ಕಕ್ಕಬ್ಬೆ_ಕೋಡರ್:

ಹೌದು ಸಾರ್. ಬೆಳಗ್ಗೆ ಎಂಟೂವರೆಗೆ ಓದುತ್ತೆ, ಓದಿದ ತಕ್ಷಣ ಝೀರೋ. ಬ್ಯಾಟರಿ ಕಮ್ಮಿ ಇದ್ರೆ ಫ್ಲ್ಯಾಶಿಗೆ ಬರೆಯೋಕಾಗಲ್ಲ ಅಂತ ಮೊದ್ಲು ಬ್ಯಾಟರಿ ನೋಡಿ ಆಮೇಲೆ ಮಳೆ ಓದೋದು, ಇಫ್ (ಓದು(ಬ್ಯಾಟರಿ) > 30 && ಓದು(ಮಳೆ) > 0) ಅಂತ ಒಂದೇ ಸಾಲಲ್ಲಿ ಇದೆ.


ಬ್ರಾಕೆಟ್_ಭಟ್ರು:

ಅದೇ ನೋಡಿ. ಈಗ ಬ್ಯಾಟರಿ ಕಮ್ಮಿ ಇದ್ರೆ && ಅಲ್ಲೇ ನಿಲ್ಲುತ್ತೆ, ಮಳೆ ಓದೋದೇ ಇಲ್ಲ, ಲೆಕ್ಕ ಕೌಂಟರಲ್ಲಿ ಉಳಿಯುತ್ತೆ. ಎರಡೂ ಓದನ್ನ ಇಫ್ ಮೇಲೆ ಎತ್ತಿಟ್ರೆ ಬ್ಯಾಟರಿ ಕಮ್ಮಿ ಇದ್ದಾಗ್ಲೂ ಮಳೆ ಓದಿ ಝೀರೋ ಮಾಡಿ, ಫ್ಲ್ಯಾಶಿಗೂ ಬರೀದೆ, ಆ ದಿನದ ಮಳೆ ಗೋವಿಂದ. ಮೋಡ ಕವಿದು ಸೋಲಾರ್ ಚಾರ್ಜ್ ಆಗದೇ ಇರೋ ದಿನಾನೇ ಮಳೆ ಜಾಸ್ತಿ ಇರೋದು ಬೇರೆ. ವೈಲ್ ಕಂಡಿಷನ್ನಿಂದ ಎತ್ತಿದ್ರೆ ಇನ್ನೂ ಚಂದ, ಒಂದೇ ಸಲ ಓದಿ ಲೂಪ್ ಸುತ್ತುತ್ತಾನೇ ಇರುತ್ತೆ.

ಕರೆಯನ್ನ ಇರೋ ಜಾಗದಲ್ಲೇ ಬಿಡಿ, ಓದಿದ್ದನ್ನ ಇಡೋ ತಾತ್ಕಾಲಿಕ ವೇರಿಯಬಲ್ಲಿನ (ಕೆಳಗೆ ತಾ1) ಡಿಕ್ಲರೇಷನ್ ಮಾತ್ರ ಮೇಲಕ್ಕೆ ಹೋಗ್ಲಿ. ‘ಸರಿ’ ಅಂದ್ರೆ ಎರರ್ ಇಲ್ಲ ಅನ್ನೋ ಸ್ಟೇಟಸ್. ಅಂದ್ರೆ

(> (ಓದು ಮಳೆ) 0)

ಇದ್ದದ್ದು

(&& (== (ಓದು ಮಳೆ (& ತಾ1)) ಸರಿ) (> ತಾ1 0))

ಆಗ್ಬೇಕು. && ಎಡದಿಂದ ಬಲಕ್ಕೆ ಅಂತ ಸಿ ಭಾಷೇನೇ ಗ್ಯಾರಂಟಿ ಕೊಟ್ಟಿದೆ, ಓದಿ ಆದ ಮೇಲೇನೇ ತಾ1 ನೋಡೋದು, ವೈಲಲ್ಲೂ ಸರಿ ನಡೆಯುತ್ತೆ. (!= (ಓದು 3) 255) ಇದ್ದ ಕಡೆ ಬರೀ ಸ್ಟೇಟಸ್ ಚೆಕ್ ಸಾಕು. ಒಂದೇ ಕಂಡಿಷನ್ನಲ್ಲಿ ಎರಡು ಓದು ಬಂದ್ರೆ ತಾ1, ತಾ2, ಆ ಫಂಕ್ಷನ್ನಲ್ಲಿ ಆ ಹೆಸರು ಮೊದ್ಲೇ ಇದೆಯಾ ನೋಡ್ಕೊಂಡು ಇಡ್ಬೇಕು.

ಲಿಸ್ಪ್ ಅಂತ ನಾನು ಹಟ ಹಿಡಿಯೋದು ಇದಕ್ಕೇ. ರೂಲ್ ಅನ್ನೋದು ಸಾಮಾನ್ಯ ಫಂಕ್ಷನ್, ನೋಡಿನ ಪೇರೆಂಟ್ ಯಾರು ಅಂತ ಕೇಳಿ ಅದ್ರ ಮೇಲೆ ತೀರ್ಮಾನ ಮಾಡ್ಬಹುದು. ಮೇಲೆಲ್ಲೋ ! ಇದ್ರೆ ಅರ್ಥ ತಿರುಗಿ ಬೀಳುತ್ತೆ, ಎರರ್ ಬಂದಾಗ ನಿಜ ಅಂತ ಆಗ್ಬಿಡುತ್ತೆ, ಅದನ್ನ ಮುಟ್ಟಬೇಡ. ಒಟ್ಟು + ಓದು(3) ತರ ಕೂಡಿಸೋ ಲೆಕ್ಕದೊಳಗೆ ಇದ್ರೆ ಎರರ್ ಇಡೋಕೆ ಜಾಗಾನೇ ಇಲ್ಲ, ಅದನ್ನೂ ಮುಟ್ಟಬೇಡ. ಮುಟ್ಟದೇ ಬಿಟ್ಟಿದ್ದನ್ನೆಲ್ಲ ಫೈಲ್, ಸಾಲು ನಂಬರ್ ಸಮೇತ ಒಂದು ಬಫರಲ್ಲಿ ಪಟ್ಟಿ ಮಾಡ್ಸಿ, ಅದು ನಿಮ್ಮ ಪಾಲಿನ ಕೆಲ್ಸ.


ಸುಂಟಿಕೊಪ್ಪ_ಸೀಕ್ವೆಲ್:

ನಾನು ಇದೇ ತರದ್ದನ್ನ ಕಾಮನ್ ಲಿಸ್ಪಲ್ಲಿ ಮಾಡಿದೀನಿ, ಕ್ಲ್ಯಾಂಗಿನ ಎಎಸ್‌ಟಿ (ಕಂಪೈಲರ್ ಮಾಡೋ ಟ್ರೀ) ಜೇಸನ್ ಆಗಿ ತೆಗೆದು ಎಸ್‌ಬಿಸಿಎಲ್ ಅನ್ನೋ ಲಿಸ್ಪ್ ಕಂಪೈಲರಿಗೆ ಓದ್ಸಿ. ಟೈಪ್ ಮಾಹಿತಿ ಪೂರ್ತಿ ಸಿಗುತ್ತೆ ಅದೊಂದು ದೊಡ್ಡ ಲಾಭ, ಟ್ರೀ-ಸಿಟರಿಗೆ ಟೈಪ್ ಗೊತ್ತಿರಲ್ಲ. ಆದ್ರೆ ಕ್ಲ್ಯಾಂಗ್ ಕೊಡೋ ಆಫ್‌ಸೆಟ್ ಬೈಟ್ ಲೆಕ್ಕ, ನಮ್ಮ ಫೈಲಲ್ಲಿ ಕನ್ನಡದಲ್ಲಿ ಕಾಮೆಂಟ್ ಇತ್ತು, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಅಕ್ಷರಕ್ಕೂ 3 ಬೈಟ್, ಸ್ಟ್ರಿಂಗಲ್ಲಿ ಕ್ಯಾರೆಕ್ಟರ್ ಎಣಿಸಿದ್ರೆ ತಿದ್ದುಪಡಿ ಎಲ್ಲೋ ಕೆಳಗಿನ ಫಂಕ್ಷನ್ ಮಧ್ಯ ಹೋಗಿ ಕೂರುತ್ತೆ. ಫೈಲನ್ನ ಬೈಟ್ ಅರೇ ಆಗೇ ಇಟ್ಕೊಂಡು ತಿದ್ದಬೇಕು. ಇಮ್ಯಾಕ್ಸಲ್ಲಿ ಟ್ರೀಸಿಟ್ ಕೊಡೋದು ಬಫರ್ ಪೊಸಿಷನ್ನೇ ಆದ್ರಿಂದ ಈ ರಗಳೆ ಇಲ್ಲ.

ಚೆಕ್ ಮಾಡೋದು ಹೇಗೆ ಅಂತ ಯಾರೂ ಹೇಳಿಲ್ಲ. ಮೊದ್ಲು ಓದು()ನ ಹೆಸರು ಮಾತ್ರ ಬದಲಾಯಿಸೋ ರೂಲ್ ಓಡ್ಸಿ ಬಿಲ್ಡ್ ಮಾಡಿ, ಹೆಕ್ಸ್ ಫೈಲ್ (ಚಿಪ್ಪಿಗೆ ಹಾಕೋದು) ಮುಂಚಿನದ್ದೇ ಬರ್ಬೇಕು, ಒಂದು ಬಿಟ್ ಬೇರೆ ಇದ್ರೂ ಟೂಲಲ್ಲೇನೋ ಎಡವಟ್ಟಿದೆ ಅಂತ ಹುಡುಕಿ. (ಬಿಲ್ಡ್ ಡೇಟ್-ಟೈಮ್ ಕೋಡಲ್ಲಿ ಹಾಕಿದ್ರೆ ಮೊದ್ಲು ತೆಗೀರಿ, ಇಲ್ಲಾಂದ್ರೆ ಸುಮ್ನೆ ತಲೆ ಕೆಡುತ್ತೆ.) ಅದು ಸರಿ ಹೋದ ಮೇಲೆ ನಿಜವಾದ ಬದಲಾವಣೆ. ಹೊಸ ಫಂಕ್ಷನ್ನಿಗೆ ಹೊಸ ಹೆಸರೇ ಇಡಿ, ಹಳೇದನ್ನ ಹೆಡರಿಂದ ಕಿತ್ತು ಹಾಕಿ, ಡಿಕ್ಲೇರ್ ಆಗದ ಫಂಕ್ಷನ್ ಕಂಡ್ರೆ ವಾರ್ನಿಂಗ್ ಬದಲು ಎರರ್ ಕೊಡೋ ಹಾಗೆ ಕಂಪೈಲರಿಗೆ ಹೇಳಿ. ಬಿಟ್ಟು ಹೋದ ಕಡೆ ತಾನಾಗೇ ಕೂಗುತ್ತೆ.

ಭಟ್ರು ಖುಷಿ ಪಡ್ಲಿ ಅಂತ ಒಂದು: 2001ರ ಪ್ಲೇಸ್ಟೇಷನ್ 2 ಗೇಮ್ ಜ್ಯಾಕ್ ಅಂಡ್ ಡ್ಯಾಕ್ಸ್ಟರ್ ಇದ್ಯಲ್ಲ, ಅದ್ರ ಬಹುಪಾಲು ಕೋಡ್ ಗೋಲ್ ಅನ್ನೋ ಲಿಸ್ಪಲ್ಲೇ ಬರೆದಿದ್ದು, ಅಸೆಂಬ್ಲಿನೂ ಅದ್ರೊಳಗೇ ಬರೀಬಹುದಿತ್ತು.


ವಿರಾಜಪೇಟೆ_ಎಂಬೆಡೆಡ್:

ಆ ಬ್ಯಾಟರಿ ಸಾಲು ನೋಡಿದ ಮೇಲೆ ಎತ್ತಿ ಇಡೋ ಮಾತು ವಾಪಸ್. ಆದ್ರೂ ಇರೋ ಜಾಗದಲ್ಲೇ ಬದಲಾಯಿಸೋ ರೂಲನ್ನ ಕಾಕ್ಸಿನೆಲ್ಲಲ್ಲೂ ಬರೀಬಹುದು, ಇಮ್ಯಾಕ್ಸ್ ಬರದವ್ರು ಇದನ್ನ ಓದ್ತಾ ಇದ್ರೆ ಅದನ್ನೇ ಹಿಡೀರಿ. ಇಫ್‌ಡೆಫ್ ಇದ್ರೆ ಪ್ರತಿ ಬೋರ್ಡಿನ ಬಿಲ್ಡೂ ಬೇರೆ ಬೇರೆ ಮಾಡಿ ನೋಡ್ಬೇಕು, ಕಂಪೈಲ್ ಆಗದ ಭಾಗದಲ್ಲಿ ಸುಂಟಿಕೊಪ್ಪದ ಅಕ್ಕ ಹೇಳಿದ ಉಪಾಯ ಕೂಗಲ್ಲ.


ಕಕ್ಕಬ್ಬೆ_ಕೋಡರ್:

ಎಲ್ರಿಗೂ ಥ್ಯಾಂಕ್ಸ್. ಹೆಸರು ಮಾತ್ರ ಬದಲಾಯಿಸೋ ರೂಲ್ ಇಮ್ಯಾಕ್ಸಲ್ಲಿ ಬರ್ದು ಪೂರ್ತಿ ಫೋಲ್ಡರ್ ಮೇಲೆ ಓಡ್ಸಿದೆ, ಕರೆಂಟ್ ಹೋಗೋ ಮುಂಚೆ ಬಿಲ್ಡೂ ಆಯ್ತು. ಎರಡು ಫೈಲ್ ಬಿಟ್ಟು ಎಲ್ಲಾ ಸರಿ. ಆ ಎರಡರಲ್ಲಿ ಹಳೇ ಹೆಸರೇ ಇನ್ನೂ ಇದೆ, ಕ್ವೆರಿಗೆ ಸಿಗ್ತಾನೇ ಇಲ್ಲ, ಗ್ರೆಪ್ ಮಾಡಿ ಬರೀ ಟೆಕ್ಸ್ಟ್ ಹುಡುಕಿದ್ರೆ ಮಾತ್ರ ಕಾಣುತ್ತೆ. ಯಾಕೆ?


ಬ್ರಾಕೆಟ್_ಭಟ್ರು:

ಹ್ಯಾಷ್-ಡಿಫೈನ್ (ಅಂದ್ರೆ ಮ್ಯಾಕ್ರೋ) ಒಳಗಿರ್ಬೇಕು ನೋಡಿ. ಟ್ರೀ-ಸಿಟರಿಗೆ ಮ್ಯಾಕ್ರೋದ ಮೈ ಬರೀ ಟೆಕ್ಸ್ಟ್, ಅದನ್ನ ಒಳಗೆ ಪಾರ್ಸ್ ಮಾಡಲ್ಲ, ಹಾಗಾಗಿ ಕಾಲ್ ನೋಡ್ ಅಲ್ಲಿ ಹುಟ್ಟೋದೇ ಇಲ್ಲ. ಅವನ್ನ ಕೈಯಲ್ಲೇ ತಿದ್ದಿ, ಆಗೋ ಹಾಗಿದ್ರೆ ಮ್ಯಾಕ್ರೋ ತೆಗೆದು ಸ್ಟ್ಯಾಟಿಕ್ ಇನ್‌ಲೈನ್ ಫಂಕ್ಷನ್ ಮಾಡ್ಬಿಡಿ, ಆಮೇಲೆ ರೂಲಿಗೂ ಸಿಗುತ್ತೆ. ಹಾಗೇ ಒಂದೊಂದು ಫೈಲಿನ ರೂಟ್ ನೋಡಿಗೂ ಟ್ರೀಸಿಟ್-ನೋಡ್-ಚೆಕ್ ಹಾಕಿ ಎರರ್ ಇದೆಯಾ ಕೇಳಿ, ವಿಚಿತ್ರ ಮ್ಯಾಕ್ರೋ ಇರೋ ಕಡೆ ಪಾರ್ಸರ್ ದಾರಿ ತಪ್ಪಿ ಪಕ್ಕದ ಸಾಲನ್ನೂ ನುಂಗಿರುತ್ತೆ. ಅಂಥ ಫೈಲ್ ಬಂದ್ರೆ ರೂಲ್ ಓಡಿಸ್ಬೇಡಿ, ಪಟ್ಟಿಗೆ ಸೇರ್ಸಿ.